ಹುಲ್ಲಿಗೆ ಬಿಟ್ಟ ಕೋಳಿ: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕೋಳಿಯ ಬಗ್ಗೆಯೇ. ಶೆಡ್ಡಿನಲ್ಲಿ ಕೂಡಿಹಾಕದೆ ಹುಲ್ಲಿನ ಮೇಲೆ ಸಾಕಬೇಕು ಅನ್ನುವವರು ಬರೆದಿದ್ದಾರೆ. ಅದೆಲ್ಲ ಸುಮ್ನೆ ಮಾತು ಅನ್ನುವವರೊಬ್ಬರೂ ಬರೆದಿದ್ದಾರೆ. ನಾನು ಪಶುವೈದ್ಯೆಯಲ್ಲ, ಚಿಕ್ಕ ತೋಟದಲ್ಲಿ ಮೊಟ್ಟೆಗೂ ಮಾಂಸಕ್ಕೂ ಕೋಳಿ ಸಾಕುತ್ತಾ ಬಂದವಳು. ಕಾಯಿಲೆಯ ವಿಷಯದಲ್ಲಿ ಕೊನೆಯ ಮಾತು ನಿಮ್ಮ ಪಶುವೈದ್ಯರದ್ದು. ಉಳಿದದ್ದಕ್ಕೆ ನಾನಿದ್ದೇನೆ.

ಪ್ರಶ್ನೆ: ನಮಗೆ ಒಂದು ಎಕರೆ ಜಾಗವಿದೆ. ಬಯಲಿಗೆ ಬಿಟ್ಟ ಕೋಳಿ ಹುಲ್ಲು, ಹುಳ ತಿಂದುಕೊಂಡು ತಾನೇ ಬೆಳೆಯುತ್ತದೆ, ಫೀಡಿನ ಖರ್ಚೇ ಇರುವುದಿಲ್ಲ ಎಂದು ಕೇಳಿದ್ದೇನೆ. ನಿಜವೇ? ಎಷ್ಟು ಕೋಳಿ ಸಾಕಬಹುದು?

ಉತ್ತರ: ನಿಜವಲ್ಲ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಉತ್ಸಾಹದಿಂದ ಶುರು ಮಾಡಿ ಕೈಬಿಟ್ಟವರಲ್ಲಿ ನಾನು ಕಂಡ ಹೆಚ್ಚಿನವರು ಈ ಲೆಕ್ಕದಲ್ಲೇ ಎಡವಿದವರು. ಕೋಳಿ ಹಸುವಲ್ಲ. ಹುಲ್ಲಿನ ನಾರನ್ನು ಅರಗಿಸುವ ಹೊಟ್ಟೆ ಅದಕ್ಕಿಲ್ಲ. ಎಳೆ ಚಿಗುರು, ಹುಲ್ಲಿನ ಬೀಜ, ಎರೆಹುಳ, ಗೆದ್ದಲು, ಮಿಡತೆ ಎಲ್ಲ ಅದಕ್ಕೆ ಇಷ್ಟ, ಬೇಕು ಕೂಡ. ಆದರೆ ಹೊಟ್ಟೆ ತುಂಬುವುದು ಕಾಳಿನಿಂದಲೇ. ಮೊಟ್ಟೆ ಇಡುವ ಒಂದು ಹೇಂಟೆಗೆ ದಿನಕ್ಕೆ 110ರಿಂದ 120 ಗ್ರಾಂ ಮೇವು ಬೇಕು. ಅದರ ಹತ್ತರಲ್ಲೊಂದು ಪಾಲು ಬಯಲಿನಿಂದ ಸಿಕ್ಕರೆ ನನಗೆ ಖುಷಿ. ಹುಲ್ಲು ಎಳೆಯದಾಗಿದ್ದು, ಹುಳ ಹುಪ್ಪಟೆ ಚೆನ್ನಾಗಿದ್ದರೆ ಇನ್ನೊಂದಿಷ್ಟು ಉಳಿಯಬಹುದು.

ಮನೆಯ ಸುತ್ತ ನಾಲ್ಕಾರು ಕೋಳಿ ಬಿಟ್ಟುಕೊಂಡು ಕಾಳೇ ಹಾಕದೆ ಸಾಕುವವರಿದ್ದಾರೆ, ಇಲ್ಲ ಅನ್ನುವುದಿಲ್ಲ. ಆ ಕೋಳಿ ಇಡುವ ಮೊಟ್ಟೆಯೂ ಅಷ್ಟಕ್ಕಷ್ಟೇ. ಮೊಟ್ಟೆಯ ಲೆಕ್ಕ ಇಡುವವರಾದರೆ ನೂರಕ್ಕೆ 16-17 ಭಾಗ ಪ್ರೋಟೀನ್ ಇರುವ ಮೇವು ಹಾಕಲೇಬೇಕು. ಜೊತೆಗೆ ಕಪ್ಪೆಚಿಪ್ಪಿನ ಪುಡಿಯನ್ನೋ ಸುಣ್ಣದ ಕಲ್ಲಿನ ಚೂರನ್ನೋ ಬೇರೆ ಬಟ್ಟಲಿನಲ್ಲಿ ಇಡಿ. ಒಂದು ಮೊಟ್ಟೆಯ ಚಿಪ್ಪಿಗೇ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ. ಮೇವಿಗೆ ಬೆರೆಸದೆ ಬೇರೆಯಾಗಿಟ್ಟರೆ ಮೊಟ್ಟೆ ಇಡುವವು ಮಾತ್ರ ಬೇಕಾದಷ್ಟು ತಿನ್ನುತ್ತವೆ. ಮರಿಗಳಿಗೆ ಅಷ್ಟು ಕ್ಯಾಲ್ಸಿಯಂ ಹೋಗಬಾರದು, ಮೂತ್ರಪಿಂಡ ಕೆಡುತ್ತದೆ.

ಇನ್ನು ಜಾಗ. ಯುರೋಪಿನ ಒಕ್ಕೂಟದ ನಿಯಮದಲ್ಲಿ ಬಯಲು ಕೋಳಿ ಎಂದು ಕರೆಯಬೇಕಾದರೆ ಒಂದು ಹೇಂಟೆಗೆ ಹೊರಗೆ 4 ಚದರ ಮೀಟರ್ ಜಾಗ ಇರಬೇಕು. ಆ ಲೆಕ್ಕದಲ್ಲಿ ನಿಮ್ಮ ಎಕರೆಗೆ ಸಾವಿರ ಕೋಳಿ! ಕಾಗದದ ಮೇಲೆ ಸರಿಯಾಗಿಯೇ ಇದೆ. ಒಂದು ಕೋಳಿ ದಿನಕ್ಕೆ ಸುಮಾರು 100 ಗ್ರಾಂ ಹಿಕ್ಕೆ ಹಾಕುತ್ತದೆ ಅನ್ನುವುದನ್ನು ಸಾವಿರದಿಂದ ಗುಣಿಸಿ ನೋಡಿ. ಮೂವತ್ತು, ನಲವತ್ತರಿಂದ ಶುರು ಮಾಡಿ. ಒಂದು ಮಳೆಗಾಲ ಕಳೆದ ಮೇಲೆ ನಿಮ್ಮ ನೆಲವೇ ಹೇಳುತ್ತದೆ.

ಪ್ರಶ್ನೆ: ತೋಟದ ಮೂಲೆಯಲ್ಲಿ ಒಳ್ಳೆಯ ಗೂಡು ಕಟ್ಟಿಸಿ, ಸುತ್ತ ಜಾಲರಿ ಹಾಕಿಸಿ ಐವತ್ತು ಕೋಳಿ ಬಿಟ್ಟೆವು. ನಾಲ್ಕು ತಿಂಗಳಲ್ಲಿ ಗೂಡಿನ ಮುಂದೆ ಒಂದು ಹುಲ್ಲೆಸಳೂ ಇಲ್ಲ, ಬರೀ ಕೆಸರು, ವಾಸನೆ. ಜಾಲರಿಯ ಆ ಕಡೆಯ ತುದಿಯಲ್ಲಿ ಮಾತ್ರ ಹುಲ್ಲು ಎದೆಮಟ್ಟ ಬೆಳೆದಿದೆ. ಕೋಳಿಗಳು ಅಲ್ಲಿಗೆ ಹೋಗುವುದೇ ಇಲ್ಲ. ಏನು ಮಾಡಲಿ?

ಉತ್ತರ: ನನಗೆ ತುಂಬಾ ಇಷ್ಟವಾದ ಪತ್ರ ಇದು, ಬಯಲು ಕೋಳಿಯ ವಿಷಯವೆಲ್ಲ ಇದರಲ್ಲೇ ಇದೆ. ನಿಮ್ಮ ಕೋಳಿ ಹೊರಗಿದೆ, ನಿಜ. ಹುಲ್ಲಿನ ಮೇಲಿಲ್ಲ. ಬಾಗಿಲು ತೆಗೆದು ಬಿಡುವುದು ಯಾರಿಗಾದರೂ ಬರುತ್ತದೆ. ಜಾಗ ಬದಲಿಸುತ್ತಾ ಹೋಗುವುದೇ ಇಲ್ಲಿನ ಕೆಲಸ.

ಕೋಳಿ ಯಾಕೆ ದೂರ ಹೋಗುವುದಿಲ್ಲ? ಅದರ ಮೂಲ ಕೆಂಪು ಕಾಡುಕೋಳಿ. ಮರದ ನೆರಳಿನಲ್ಲಿ, ಪೊದೆಯ ಅಂಚಿನಲ್ಲಿ ನೆಲ ಕೆದಕಿಕೊಂಡು ಬದುಕಿದ ಹಕ್ಕಿ. ಮೇಲೆ ಹದ್ದು ಇರಬಹುದು ಅನ್ನುವ ಭಯ ಅದಕ್ಕೆ ಹುಟ್ಟಿನಿಂದಲೇ ಇದೆ. ತಲೆಯ ಮೇಲೆ ಏನೂ ಇಲ್ಲದ ಬಟ್ಟಬಯಲಿಗೆ ಅದು ಹೋಗಲು ಒಪ್ಪುವುದಿಲ್ಲ. ಗೂಡು, ನೀರು, ಮೇವು ಮೂರೂ ಒಂದೇ ಕಡೆ ಇಟ್ಟರೆ ಅಲ್ಲೇ ಸುತ್ತುತ್ತದೆ, ಅಲ್ಲೇ ಹಿಕ್ಕೆ ಹಾಕುತ್ತದೆ. ಇದಕ್ಕೆ ಎರಡು ದಾರಿ. ದೂರದಲ್ಲಿ ನೆರಳು ಮಾಡುವುದು ಒಂದು. ಮರ ಬೆಳೆಯುವ ತನಕ ನಾಲ್ಕು ಗೂಟದ ಮೇಲೆ ಹಳೆಯ ಗೋಣಿ ಹೊದಿಸಿದರೂ ಸಾಕು. ನೀರಿನ ಪಾತ್ರೆಯನ್ನೂ ಅಲ್ಲಿಗೆ ಸಾಗಿಸಿ. ಎದೆಮಟ್ಟದ ಹುಲ್ಲನ್ನು ಕತ್ತರಿಸಿ ಗೇಣಿಗಿಂತ ಕಡಿಮೆ ಮಾಡಿ. ಎತ್ತರದ ಹುಲ್ಲಿನಲ್ಲಿ ಕೋಳಿಗೆ ದಾರಿ ಕಾಣುವುದಿಲ್ಲ, ನಾರು ಬಲಿತ ಮೇಲೆ ತಿನ್ನುವುದೂ ಇಲ್ಲ.

ಎರಡನೆಯದು, ಗೂಡನ್ನೇ ನಡೆಸುವುದು. ಅಮೆರಿಕದ ವರ್ಜೀನಿಯಾದಲ್ಲಿ ಪಾಲಿಫೇಸ್ ಎಂಬ ತೋಟ ನಡೆಸುವ ಜೋಯೆಲ್ ಸಲಾಟಿನ್ ಇದನ್ನು ಬಹಳ ಜನರಿಗೆ ಕಲಿಸಿದರು. ಅವರ ಮಾಂಸದ ಕೋಳಿಯ ಗೂಡಿಗೆ ತಳವೇ ಇಲ್ಲ. 10 ಅಡಿ ಅಗಲ, 12 ಅಡಿ ಉದ್ದ, 2 ಅಡಿ ಎತ್ತರದ ಚೌಕಟ್ಟು, ಒಳಗೆ ಸುಮಾರು 75 ಕೋಳಿ. ದಿನಾ ಅದನ್ನು ಎಳೆದು ಹೊಸ ಹುಲ್ಲಿನ ಮೇಲೆ ನಿಲ್ಲಿಸುತ್ತಾರೆ. ಮೊಟ್ಟೆ ಕೋಳಿಗೆ ಬೇರೆ ಚಕ್ರದ ಗೂಡು. ದನ ಮೇದು ಹೋದ ಜಾಗಕ್ಕೆ ಅದನ್ನು ತರುತ್ತಾರೆ. ಕೋಳಿಗಳು ಸಗಣಿ ಕೆದಕಿ ನೊಣದ ಹುಳ ತಿನ್ನುತ್ತವೆ, ಸಗಣಿಯೂ ಹರಡಿಕೊಳ್ಳುತ್ತದೆ.

ನನ್ನದು ಅಷ್ಟು ದೊಡ್ಡದಲ್ಲ. ಕೈಗಾಡಿಯ ಎರಡು ಚಕ್ರ ಒಂದು ತುದಿಗೆ, ಇನ್ನೊಂದು ತುದಿಗೆ ಹಗ್ಗ. ಮಾಡಿಗೆ ಮೊದಲು ಮರದ ಹಲಗೆ ಇತ್ತು, ನಮ್ಮ ಮನೆಯವರ ಸೊಂಟದ ಒತ್ತಾಯಕ್ಕೆ ತೆಳು ತಗಡು ಬಂತು. ಒಬ್ಬರೇ ಎಳೆಯಲಾಗದ ಗೂಡನ್ನು ಮಾಡಿಸಬೇಡಿ. ಭಾರ ಇದ್ದರೆ ಇವತ್ತು ಬೇಡ, ನಾಳೆ ಎಳೆಯೋಣ ಅನ್ನುತ್ತೀರಿ, ಆ ನಾಳೆ ಬರುವಷ್ಟರಲ್ಲಿ ಹುಲ್ಲು ಸತ್ತಿರುತ್ತದೆ. ಎಳೆಯುವಾಗ ನಿಧಾನ, ಹಿಂದಿನ ಪಟ್ಟಿಗೆ ಕೋಳಿಯ ಕಾಲು ಸಿಗುತ್ತದೆ. ಬೆಳಿಗ್ಗೆ ಮೇವು ಹಾಕುವ ಮೊದಲು ಎಳೆದರೆ ಹಸಿದ ಕೋಳಿ ತಾನೇ ಮುಂದೆ ಓಡುತ್ತದೆ.

ಇದರಿಂದ ಹುಲ್ಲಿಗಷ್ಟೇ ಲಾಭವಲ್ಲ. ಮರಿಗಳಿಗೆ ಬರುವ ರಕ್ತಭೇದಿ, ಅಂದರೆ ಕಾಕ್ಸಿಡಿಯೋಸಿಸ್, ಹಿಕ್ಕೆಯಿಂದ ಹರಡುತ್ತದೆ. ಹಿಕ್ಕೆಯಲ್ಲಿ ಬಿದ್ದ, ಆ ಕಾಯಿಲೆಯ ಸೂಕ್ಷ್ಮಜೀವಿಯ ಮೊಟ್ಟೆ ತಕ್ಷಣ ರೋಗ ತರುವುದಿಲ್ಲ. ತೇವ, ಬಿಸಿ, ಗಾಳಿ ಸಿಕ್ಕರೆ ಒಂದೆರಡು ದಿನದಲ್ಲಿ ಬಲಿಯುತ್ತದೆ. ಅಷ್ಟರೊಳಗೆ ಕೋಳಿ ಮುಂದಿನ ಜಾಗದಲ್ಲಿದ್ದರೆ ಅದರ ಬಾಯಿಗೆ ಹೋಗುವುದು ಎಷ್ಟೋ ಕಡಿಮೆ. ಜಂತುಹುಳದ ಮೊಟ್ಟೆ ಮಾತ್ರ ಹಠಮಾರಿ, ತಿಂಗಳುಗಟ್ಟಲೆ, ಕೆಲವು ಕಡೆ ವರ್ಷ ದಾಟಿಯೂ ಮಣ್ಣಿನಲ್ಲಿ ಉಳಿಯುತ್ತದೆ. ಆದ್ದರಿಂದ ಬಿಟ್ಟ ಜಾಗಕ್ಕೆ ಬೇಗ ವಾಪಸ್ ಬರಬೇಡಿ. ಹುಲ್ಲು ಪೂರ್ತಿ ಚೇತರಿಸಿಕೊಳ್ಳಲಿ, ನಡುವೆ ದನವೋ ಕುರಿಯೋ ಮೇಯಲಿ.

ನೀವು ಕಟ್ಟಿಸಿದ ಗೂಡನ್ನು ಕೆಡವಬೇಕಿಲ್ಲ. ಜಾಲರಿಯೊಳಗಿನ ಜಾಗವನ್ನು ನಾಲ್ಕು ಭಾಗ ಮಾಡಿ, ಗೂಡಿಗೆ ನಾಲ್ಕು ಕಡೆ ಕಿಂಡಿ ತೆಗೆಸಿ. ಒಂದು ಸಲಕ್ಕೆ ಒಂದೇ ಕಿಂಡಿ ತೆರೆದಿರಲಿ. ಗೂಡಿನ ಮುಂದಿನ ಕೆಸರಿಗೆ ಮರದ ಚಕ್ಕೆಯನ್ನು ದಪ್ಪವಾಗಿ ಹಾಕಿ. ಅಲ್ಲಿ ಹುಲ್ಲು ಬೆಳೆಸುವ ಆಸೆ ಬಿಟ್ಟುಬಿಡಿ.

ಪ್ರಶ್ನೆ: ಬ್ರಾಯ್ಲರ್ ಮರಿಗಳನ್ನೇ ತಂದು ಹುಲ್ಲಿಗೆ ಬಿಟ್ಟರೆ ಆಗುವುದಿಲ್ಲವೇ? ಬೇಗ ಬೆಳೆಯುತ್ತವೆ, ಬಯಲಿನ ರುಚಿಯೂ ಬರುತ್ತದೆ.

ಉತ್ತರ: ಆಗುತ್ತದೆ, ಮಾಡುವವರಿದ್ದಾರೆ. ಆದರೆ ಆ ಹಕ್ಕಿ ಏನು ಅಂತ ಗೊತ್ತಿರಲಿ. ಅಮೆರಿಕದಲ್ಲಿ 1948ರಲ್ಲಿ ‘ನಾಳೆಯ ಕೋಳಿ’ ಎಂಬ ಹೆಸರಿನ ಸ್ಪರ್ಧೆಯ ಅಂತಿಮ ಸುತ್ತು ನಡೆಯಿತು. ಎದೆಯ ಮಾಂಸ ತುಂಬಿಕೊಂಡ, ಬೇಗ ಬೆಳೆಯುವ ಕೋಳಿಗೆ ಬಹುಮಾನ. ಗೆದ್ದದ್ದು ಕಾರ್ನಿಷ್ ತಳಿಯ ಮಿಶ್ರಣ. ಇವತ್ತಿನ ಬ್ರಾಯ್ಲರಿನ ಕಥೆಯಲ್ಲಿ ಅದು ದೊಡ್ಡ ತಿರುವು. ಮುಂದೆ ಎಷ್ಟು ದೂರ ಹೋಯಿತು ಅನ್ನುವುದಕ್ಕೆ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ. 1957ರ, 1978ರ ಮತ್ತು 2005ರ ತಳಿಗಳಿಗೆ ಒಂದೇ ಮೇವು ಹಾಕಿ ಬೆಳೆಸಿದರು. 56 ದಿನಕ್ಕೆ ಮೊದಲನೆಯದು 905 ಗ್ರಾಂ, ಎರಡನೆಯದು 1,808 ಗ್ರಾಂ, ಮೂರನೆಯದು 4,202 ಗ್ರಾಂ ತೂಗಿತು. ಮೇವು ಒಂದೇ ಆಗಿದ್ದರಿಂದ ಇದರಲ್ಲಿ ಹಾರ್ಮೋನಿನ ಮಾತೇ ಬರುವುದಿಲ್ಲ. ಫಾರಂ ಕೋಳಿಗೆ ಇಂಜೆಕ್ಷನ್ ಚುಚ್ಚಿ ದಪ್ಪ ಮಾಡುತ್ತಾರೆ ಎಂದು ಬರೆಯುವವರೂ ಇದನ್ನು ಗಮನಿಸಿ. ಪೂರ್ತಿ ತಳಿಯ ಕೆಲಸ ಅದು.

ಅಷ್ಟು ಬೇಗ ಬೆಳೆದ ಮೈಯನ್ನು ಕಾಲು, ಹೃದಯ ತಡೆದುಕೊಳ್ಳಬೇಕಲ್ಲ. ಕಾಲು ಸೊಟ್ಟಗಾಗುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಬಿಸಿಲು ಏರಿದ ದಿನ ಒದ್ದಾಡಿ ಸಾಯುತ್ತವೆ. ಹುಲ್ಲಿಗೆ ಬಿಟ್ಟರೂ ಬಹಳಷ್ಟು ಮೇವಿನ ಡಬ್ಬದ ಪಕ್ಕದಲ್ಲೇ ಕೂರುತ್ತವೆ. ಅದನ್ನೇ ಸಾಕುವುದಾದರೆ ರಾತ್ರಿ ಮೇವು ತೆಗೆದುಬಿಡಿ, ನೀರನ್ನು ಗೂಡಿನ ಇನ್ನೊಂದು ತುದಿಯಲ್ಲಿಡಿ, ನಡೆಯಲಿ. ನನ್ನನ್ನು ಕೇಳಿದರೆ ನಿಧಾನಕ್ಕೆ ಬೆಳೆಯುವ ತಳಿ ತನ್ನಿ. ರೋಡ್ ಐಲೆಂಡ್ ರೆಡ್, ಸಸೆಕ್ಸ್, ಪ್ಲಿಮತ್ ರಾಕ್ ತಳಿಗಳು ಮೊಟ್ಟೆಗೂ ಆಗುತ್ತವೆ, ಮಾಂಸಕ್ಕೂ ಆಗುತ್ತವೆ. ಬೋಳು ಕತ್ತಿನ ಕೋಳಿ ನೋಡಲು ಚೆಂದವಿಲ್ಲ, ಆದರೆ ಸೆಕೆ ತಡೆಯುತ್ತದೆ. ಇವಕ್ಕೆ ಸಮಯ ಜಾಸ್ತಿ ಬೇಕು, ಒಂದು ಕಿಲೋ ಮಾಂಸಕ್ಕೆ ಮೇವೂ ಜಾಸ್ತಿ. ರುಚಿ ಕೂಡ ಹುಲ್ಲಿನಿಂದ ಅಷ್ಟಾಗಿ ಬರುವುದಿಲ್ಲ. ಕೋಳಿಯ ವಯಸ್ಸು, ಓಡಾಟ ಅದಕ್ಕೆ ದೊಡ್ಡ ಕಾರಣ.

ಪ್ರಶ್ನೆ: ಶೆಡ್ಡಿನ ಕೋಳಿಗೆ ಲಸಿಕೆ ಬೇಕು ಸರಿ. ತಾಜಾ ಗಾಳಿ, ಬಿಸಿಲಿನಲ್ಲಿ ಬೆಳೆದ ಕೋಳಿಗೆ ಯಾಕೆ?

ಉತ್ತರ: ವೈರಸ್ಸಿಗೆ ನಿಮ್ಮ ಕೋಳಿ ಎಲ್ಲಿ ಬೆಳೆದಿದೆ ಅನ್ನುವುದು ಗೊತ್ತಾಗುವುದಿಲ್ಲ! ಕೊಕ್ಕರೆ ರೋಗವನ್ನೇ ನೋಡಿ. ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನಲ್ಲಿ 1926ರಲ್ಲಿ ಗುರುತಿಸಿದ್ದರಿಂದ ನ್ಯೂಕ್ಯಾಸಲ್ ರೋಗ ಎಂದೂ ಹೆಸರು. ಅದೇ ವರ್ಷ ಜಾವಾದಲ್ಲೂ ಕಂಡಿತ್ತು. ಲಸಿಕೆ ಇಲ್ಲದ ಹಿಂಡಿಗೆ ಆ ವೈರಸ್ಸಿನ ಜೋರಾದ ತಳಿ ಹೊಕ್ಕರೆ ಗೂಡು ಖಾಲಿ. ಕಾಡುಹಕ್ಕಿಗಳಿಂದ, ನಿಮ್ಮದೇ ಚಪ್ಪಲಿಯಿಂದ, ಹೊಸದಾಗಿ ತಂದ ಒಂದು ಹುಂಜದಿಂದ ಬರಬಹುದು. ಹೊರಗಿರುವ ಕೋಳಿಗೆ ಕಾಡುಹಕ್ಕಿಯ ಸಂಪರ್ಕ ಹೆಚ್ಚು, ಕಡಿಮೆಯಲ್ಲ. ಕೋಳಿ ಸಿಡುಬು ಸೊಳ್ಳೆಯಿಂದ ಹರಡುತ್ತದೆ, ಬಯಲಿನಲ್ಲಿ ಸೊಳ್ಳೆಗೇನು ಬರವೇ? ಮಾರೆಕ್ಸ್ ರೋಗದ ಲಸಿಕೆಯನ್ನು ಮರಿ ಹೊರಬಂದ ದಿನವೇ ಕೊಡಬೇಕು, ಹ್ಯಾಚರಿಯಲ್ಲೇ ಕೊಟ್ಟಿದ್ದಾರಾ ಎಂದು ಕೇಳಿ ತನ್ನಿ. ಉಳಿದವು ಯಾವಾಗ, ಹೇಗೆ ಅನ್ನುವುದನ್ನು ಪಶುವೈದ್ಯರು ನಿಮ್ಮ ಕಡೆಯ ಕಾಯಿಲೆ ನೋಡಿ ಹೇಳುತ್ತಾರೆ.

ಹಕ್ಕಿಜ್ವರದ ಸುದ್ದಿ ಇರುವಾಗ ಕೋಳಿಯನ್ನು ಒಳಗಿಡಿ ಎಂಬ ಆದೇಶ ಬರಬಹುದು. ಅಂಥ ದಿನಕ್ಕೆ ಸೂರು ಇರುವ, ಗಾಳಿಯಾಡುವ ಒಂದು ಜಾಗ ಮೊದಲೇ ಸಿದ್ಧವಿರಲಿ. ಹೊರಗೆ ಬಿಡುವುದೇ ಧರ್ಮ ಎಂದು ಹಠ ಹಿಡಿಯಬೇಡಿ. ಹೊಸ ಕೋಳಿ ತಂದರೆ ಮೂರು ವಾರವಾದರೂ ದೂರ ಇಟ್ಟು, ಅದರ ಕೆಲಸವನ್ನು ಕೊನೆಗೆ ಮಾಡಿ.

ಮರಿಗಳನ್ನು ಹುಟ್ಟಿದ ವಾರವೇ ಹುಲ್ಲಿಗೆ ಬಿಡಬಹುದೇ ಎಂದೂ ಇದೇ ಪತ್ರದಲ್ಲಿ ಕೇಳಿದ್ದಾರೆ. ತಾಯಿ ಇದ್ದರೆ ಅವಳೇ ನೋಡಿಕೊಳ್ಳುತ್ತಾಳೆ. ತಾಯಿ ಇಲ್ಲದಿದ್ದರೆ ಬ್ರೂಡರ್, ಅಂದರೆ ದೀಪದಿಂದ ಮರಿಗಳನ್ನು ಬೆಚ್ಚಗಿಡುವ ಜಾಗ, ಬೇಕು. ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತಾ ಬನ್ನಿ. ಥರ್ಮಾಮೀಟರಿಗಿಂತ ಮರಿಗಳನ್ನು ನಂಬಿ. ದೀಪದ ಕೆಳಗೆ ಗುಂಪು ಕಟ್ಟಿ ಕಿರುಚಿದರೆ ಚಳಿ, ಗೋಡೆಗೆ ಅಂಟಿ ಬಾಯಿ ತೆರೆದರೆ ಸೆಕೆ. ಮೈಮೇಲೆ ಪೂರ್ತಿ ಗರಿ ಬಂದ ಮೇಲೆ ಹೊರಗೆ.

ಪ್ರಶ್ನೆ: ಒಳಗಿನ ಹಳದಿ ಭಾಗ ಕಡುಬಣ್ಣ ಇದ್ದರೆ ಮೊಟ್ಟೆ ಹೆಚ್ಚು ಪೌಷ್ಟಿಕ, ಅಲ್ವಾ?

ಉತ್ತರ: ಬಣ್ಣ ನೋಡಿ ಹೇಳಲಾಗದು. ಹಸಿರೆಲೆ, ಹಳದಿ ಜೋಳದಲ್ಲಿರುವ ಬಣ್ಣದ ಅಂಶ ಹಳದಿಗೆ ಇಳಿಯುತ್ತದೆ. ಅದೇ ಅಂಶವನ್ನು ಚೆಂಡುಹೂವಿನಿಂದ ತೆಗೆದು ಪಂಜರದ ಕೋಳಿಯ ಫೀಡಿಗೆ ಬೆರೆಸಿದರೂ ಅಷ್ಟೇ ಚೆಂದದ ಹಳದಿ ಸಿಗುತ್ತದೆ. ಆದರೆ ಬಿಸಿಲಿನಲ್ಲಿ ಓಡಾಡಿದ ಕೋಳಿಯ ಮೊಟ್ಟೆಯಲ್ಲಿ ವಿಟಮಿನ್ ಡಿ ಹೆಚ್ಚು ಅನ್ನುವುದು ನಿಜ. ಚಿಪ್ಪು ಕಂದೋ ಬಿಳಿಯೋ ಅನ್ನುವುದು ತಳಿಗೆ ಬಿಟ್ಟದ್ದು.

ಪ್ರಶ್ನೆ: ನಾನು ಪಂಜರದ ಲೇಯರ್ ಫಾರಂ ನಡೆಸುತ್ತೇನೆ. ನಿಮ್ಮ ಅಂಕಣ ಓದುವುದುಂಟು. ಕೇಳುತ್ತೇನೆ, ಉತ್ತರ ಕೊಡಿ: ಇಡೀ ಜಗತ್ತಿಗೆ ಹುಲ್ಲಿನ ಮೇಲೆ ಮೊಟ್ಟೆ ಇಡಿಸಲು ಆಗುತ್ತದೆಯೇ? ನಮ್ಮ ಕೋಳಿಗೆ ನರಿಯ ಕಾಟವಿಲ್ಲ, ಜಂತುಹುಳವಿಲ್ಲ, ಹಿಕ್ಕೆ ತುಳಿಯುವುದಿಲ್ಲ. ನಿಮ್ಮದು ಉಳ್ಳವರ ಶೋಕಿ.

ಉತ್ತರ: ನೀವು ಹೇಳಿದ್ದರಲ್ಲಿ ಅರ್ಧಕ್ಕೆ ನನ್ನ ತಕರಾರಿಲ್ಲ. ಪಂಜರ ಬಂದದ್ದೇ ಕೋಳಿಯನ್ನೂ ಹಿಕ್ಕೆಯನ್ನೂ ಬೇರೆ ಮಾಡಲು. ರಕ್ತಭೇದಿ, ಜಂತುಹುಳ ಅದರಿಂದ ಇಳಿದವು. ಒಂದು ಮೊಟ್ಟೆಗೆ ನೀವು ಹಾಕುವ ಮೇವು ನನ್ನದಕ್ಕಿಂತ ಕಡಿಮೆ, ಮೊಟ್ಟೆ ಅಗ್ಗ. ಅಗ್ಗದ ಮೊಟ್ಟೆಯಿಂದ ಎಷ್ಟೋ ಮಕ್ಕಳ ತಟ್ಟೆಗೆ ಪ್ರೋಟೀನ್ ಬಂದಿದೆ. ಇದನ್ನು ಅಲ್ಲಗಳೆಯುವ ಬಯಲು ಕೋಳಿಯವರು ನನಗೂ ಬೇಸರ ತರಿಸುತ್ತಾರೆ.

ಇನ್ನರ್ಧಕ್ಕೆ ತಕರಾರಿದೆ. ಬ್ರಿಟನ್ನಿನಲ್ಲಿ ಸಾಕುಪ್ರಾಣಿಗಳ ಸ್ಥಿತಿ ನೋಡಲು ಸರ್ಕಾರ ನೇಮಿಸಿದ ಬ್ರಾಂಬೆಲ್ ಸಮಿತಿ 1965ರಲ್ಲೇ ಹೇಳಿತು: ಸಾಕುಪ್ರಾಣಿಗೆ ಎದ್ದು ನಿಲ್ಲಲು, ಮಲಗಲು, ತಿರುಗಲು, ಮೈ ಚೊಕ್ಕ ಮಾಡಿಕೊಳ್ಳಲು, ಕೈಕಾಲು ಚಾಚಲು ಜಾಗ ಇರಬೇಕು ಎಂದು. ಇದು ದೊಡ್ಡ ಬೇಡಿಕೆಯೇ? ಯುರೋಪಿನಲ್ಲಿ ಹಳೆಯ ಮಾದರಿಯ ಪಂಜರದಲ್ಲಿ ಒಂದು ಕೋಳಿಗೆ 550 ಚದರ ಸೆಂಟಿಮೀಟರ್ ಇತ್ತು. ಎ-4 ಹಾಳೆಯೇ 620ಕ್ಕಿಂತ ಹೆಚ್ಚು. 2012ರ ಜನವರಿ 1ರಿಂದ ಅಲ್ಲಿ ಆ ಪಂಜರಕ್ಕೆ ನಿಷೇಧ ಬಂತು. ಜನ ಮೊಟ್ಟೆ ತಿನ್ನುವುದನ್ನು ಬಿಡಲಿಲ್ಲ. ಅಡ್ಡಕೋಲು, ಗೂಡಿನ ಮೂಲೆ ಇರುವ ದೊಡ್ಡ ಪಂಜರ, ಪಂಜರವಿಲ್ಲದ ಶೆಡ್ಡು, ಬಯಲು ಹೀಗೆ ಹಲವು ದಾರಿ ಹಿಡಿದರು. ನಿಮಗೂ ನನಗೂ ನಡುವೆ ಇಷ್ಟೊಂದು ಮೆಟ್ಟಿಲುಗಳಿವೆ. ಮೊಟ್ಟೆ ಇಡುವ ಮುಂಚೆ ಹೇಂಟೆ ಮೂಲೆ ಹುಡುಕಿ ಚಡಪಡಿಸುವುದನ್ನು ನೀವೂ ನೋಡಿರುತ್ತೀರಿ. ನನಗಿಂತ ಜಾಸ್ತಿ ಕೋಳಿ ನೋಡಿದವರು ನೀವು.

ಇನ್ನೊಂದು ಮಾತು, ಇದು ನಮ್ಮಿಬ್ಬರಿಗೂ ಸೇರಿದ್ದು. ಮೊಟ್ಟೆ ತಳಿಯ ಗಂಡುಮರಿ ಮೊಟ್ಟೆಯನ್ನೂ ಇಡದು, ಮಾಂಸವನ್ನೂ ಕಟ್ಟದು. ಆದ್ದರಿಂದ ಹುಟ್ಟಿದ ದಿನವೇ ಕೊಲ್ಲುತ್ತಾರೆ. ಜರ್ಮನಿ 2022ರಿಂದ ಅದನ್ನು ನಿಷೇಧಿಸಿದೆ. ಹ್ಯಾಚರಿಯಿಂದ ಬರೀ ಹೆಣ್ಣುಮರಿ ತಂದು ಹುಲ್ಲಿಗೆ ಬಿಡುವ ನಮ್ಮ ಪೈಕಿಯವರಿಗೂ ಆ ಲೆಕ್ಕದಲ್ಲಿ ಪಾಲಿದೆ. ನಾನು ಎರಡಕ್ಕೂ ಆಗುವ ತಳಿ ಸಾಕುವುದಕ್ಕೆ ಇದೂ ಕಾರಣ. ಹುಂಜಗಳು ಬೆಳೆಯುತ್ತವೆ, ಮಾಂಸಕ್ಕೆ ಹೋಗುತ್ತವೆ. ಇಡೀ ಜಗತ್ತಿಗೆ ಸಾಕಾಗುತ್ತದೆಯೇ ಅಂದರೆ, ಈಗ ತಿನ್ನುವಷ್ಟೇ ಕೋಳಿಯನ್ನು ಈಗಿನ ಬೆಲೆಗೆ ಹುಲ್ಲಿನ ಮೇಲೆ ಬೆಳೆಸಲಾಗದು. ಚಿಕ್ಕ ತೋಟದವರು ಜಗತ್ತಿಗೆ ಉತ್ತರ ಕೊಡಬೇಕಿಲ್ಲ, ಅವರ ಗಿರಾಕಿಗೆ ಕೊಟ್ಟರೆ ಸಾಕು.

ಪ್ರಶ್ನೆ: ನಮ್ಮ ಹೇಂಟೆಗಳು ಒಂದನ್ನೇ ಹಿಡಿದು ಕುಕ್ಕುತ್ತವೆ. ಬೆನ್ನಿನ ಗರಿಯೆಲ್ಲ ಹೋಗಿದೆ.

ಉತ್ತರ: ಕೋಳಿಗಳಲ್ಲಿ ಮೇಲು ಕೆಳಗಿನ ಸಾಲು ಇರುತ್ತದೆ. ನಾರ್ವೆಯ ಶೆಲ್ಡೆರುಪ್-ಎಬ್ಬೆ ಎಂಬವರು ನೂರು ವರ್ಷದ ಹಿಂದೆಯೇ ಇದನ್ನು ಬರೆದಿಟ್ಟರು. ಸಾಲು ಗೊತ್ತಾದ ಮೇಲೆ ಜಗಳ ನಿಲ್ಲಬೇಕು. ನಿಲ್ಲದಿದ್ದರೆ ಜಾಗ, ಮೇವಿನ ಡಬ್ಬ, ಪ್ರೋಟೀನ್ ಇವುಗಳಲ್ಲಿ ಏನೋ ಕಡಿಮೆ ಇದೆ. ಎರಡು ಕಡೆ ಮೇವಿಡಿ, ಧೂಳಿನಲ್ಲಿ ಹೊರಳಾಡಲು ಒಣ ಮಣ್ಣಿನ ಗುಂಡಿ ಮಾಡಿ, ಕೋಳಿಹೇನು ಇದೆಯಾ ಎಂದು ರೆಕ್ಕೆಯಡಿ ನೋಡಿ. ರಕ್ತ ಬಂದ ಹೇಂಟೆಯನ್ನು ಮಾತ್ರ ಈಗಲೇ ಬೇರೆ ಮಾಡಿ, ಕೆಂಪು ಕಂಡರೆ ಬೇರೆಯವು ಬಿಡುವುದಿಲ್ಲ. ಬೆನ್ನಿನ ಗರಿ ಹೋಗಿದ್ದಕ್ಕೆ ಹುಂಜವೂ ಕಾರಣವಿರಬಹುದು. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು.

ಪ್ರಶ್ನೆ: ಸಂಜೆ ಗೂಡು ಮುಚ್ಚಲು ಯಾರಾದರೂ ಮನೆಯಲ್ಲಿರಲೇಬೇಕು. ಬೆಳಕು ನೋಡಿ ತಾನಾಗಿ ಮುಚ್ಚುವ ಬಾಗಿಲು ಹಾಕಿಸಬಹುದೇ?

ಉತ್ತರ: ಹಾಕಿಸಿ, ಒಳ್ಳೆಯದೇ. ಬಯಲು ಕೋಳಿ ಕಳೆದುಕೊಳ್ಳುವವರು ಹೆಚ್ಚಾಗಿ ಕಳೆದುಕೊಳ್ಳುವುದು ಮುಚ್ಚದ ಬಾಗಿಲಿನಿಂದ. ಹಗಲು ಹದ್ದು, ನಾಯಿ, ಮುಂಗುಸಿ. ರಾತ್ರಿ ಬೆಕ್ಕು, ಹಾವು, ನರಿ. ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣುವುದಿಲ್ಲ, ಅಡ್ಡಕೋಲಿನಿಂದ ಇಳಿಯುವುದೂ ಇಲ್ಲ. ಜಾಲರಿಯ ಕಣ್ಣು ಅರ್ಧ ಇಂಚಿಗಿಂತ ದೊಡ್ಡದಿರಬಾರದು, ಅಂಚನ್ನು ಹೊರಮುಖವಾಗಿ ಮಡಚಿ ಮಣ್ಣಿನಲ್ಲಿ ಹೂಳಿ.

ಯಂತ್ರ ಇದ್ದರೂ ಎಣಿಸುವ ಕೆಲಸ ನಿಮ್ಮದೇ. ನನ್ನಲ್ಲೊಂದು ಬೂದು ಹೇಂಟೆ ಇದೆ. ಎಲ್ಲವೂ ಒಳಗೆ ಹೋದ ಮೇಲೂ ಗೇಟಿನ ಪಕ್ಕದ ಮರದ ಕೊಂಬೆಯಲ್ಲೇ ಕೂರುತ್ತದೆ. ಅದರ ಒಂದು ರೆಕ್ಕೆಯ ಗರಿ ಕತ್ತರಿಸಿದರೂ ಏಣಿ ಒರಗಿಸಿಟ್ಟಿದ್ದರೆ ಏಣಿಯಲ್ಲೇ ಹತ್ತುತ್ತದೆ. ಅಂಥವನ್ನು ಯಂತ್ರ ಹೊರಗೇ ಬಿಟ್ಟು ಬಾಗಿಲು ಹಾಕುತ್ತದೆ. ಬಾಗಿಲು ಮುಚ್ಚುವ ಹೊತ್ತನ್ನು ಪೂರ್ತಿ ಕತ್ತಲಾಗುವ ಕಡೆಗೇ ಇಟ್ಟುಕೊಳ್ಳಿ. ಬ್ಯಾಟರಿ ಮುಗಿದ ದಿನ ಬಾಗಿಲು ತೆರೆದು ನಿಲ್ಲುತ್ತದೋ ಮುಚ್ಚಿ ನಿಲ್ಲುತ್ತದೋ ಎಂದು ಮಾರುವವರನ್ನು ಕೇಳಿಯೇ ಕೊಳ್ಳಿ.